ಪೈರಿನ್ ಡೊಮೇನ್‌ಗೆ ಎಎಸ್‌ಸಿ ಯಾಕೆ ಬೇಕು?

ಪೈರಿನ್ ಡೊಮೇನ್, ಕಾರ್ಡ್ ಡೊಮೇನ್ (ಡೊಮೇನ್ ಅಂದ್ರೆ ಪ್ರೋಟೀನ್‌ನ ಒಂದು ಭಾಗ) ಎರಡರ ಆಕಾರವೂ ಒಂದೇ ಅಂದಮೇಲೆ, ಜೀವಕೋಶದೊಳಗೆ ಅಪಾಯ ಗುರುತಿಸೋ ಎನ್‌ಎಲ್‌ಆರ್‌ಪಿ3 ಪ್ರೋಟೀನ್ ನೇರವಾಗಿ ಕ್ಯಾಸ್ಪೇಸ್-1 ಅನ್ನೋ ಕತ್ತರಿಸುವ ಕಿಣ್ವವನ್ನು ಹಿಡಿಯಬಹುದಿತ್ತಲ್ಲ, ನಡುವೆ ಎಎಸ್‌ಸಿ ಅನ್ನೋ ಇನ್ನೊಂದು ಪ್ರೋಟೀನ್ ಯಾಕೆ ಅಂತ ಕೇಳಿದ್ದೀರಿ. ಆಕಾರ ಹೆಚ್ಚುಕಮ್ಮಿ ಒಂದೇ, ನಿಜ. ಎರಡರಲ್ಲೂ ಆರು ಸುರುಳಿಗಳ ಕಟ್ಟು. ಆದರೆ ಯಾವುದಕ್ಕೆ ಯಾವುದು ಅಂಟುತ್ತದೆ ಅನ್ನೋದು ಹೊರಮೈಯಲ್ಲಿ ಯಾವ ಅಮೈನೊ ಆಮ್ಲ ಎಲ್ಲಿದೆ, ಅದರ ಚಾರ್ಜ್ ಏನು ಅನ್ನೋದರ ಮೇಲೆ ನಿಂತಿದೆ. ಹಾಗಾಗಿ ಪೈರಿನ್ ಪೈರಿನ್‌ಗೇ, ಕಾರ್ಡ್ ಕಾರ್ಡ್‌ಗೇ. ಎನ್‌ಎಲ್‌ಆರ್‌ಪಿ3 ಹತ್ತಿರ ಇರೋದು ಪೈರಿನ್, ಕ್ಯಾಸ್ಪೇಸ್-1 ಹತ್ತಿರ ಇರೋದು ಕಾರ್ಡ್. ಎಎಸ್‌ಸಿಗೆ ಒಂದು ತುದಿಯಲ್ಲಿ ಪೈರಿನ್, ಇನ್ನೊಂದು ತುದಿಯಲ್ಲಿ ಕಾರ್ಡ್. ಮದುವೆ ದಲ್ಲಾಳಿ ಅನ್ನಿ! ಇದೇ ಬಳಗದ ಇನ್ನೊಂದು ಪ್ರೋಟೀನ್ ಎನ್‌ಎಲ್‌ಆರ್‌ಸಿ4ಗೆ ತನ್ನದೇ ಕಾರ್ಡ್ ಇರೋದರಿಂದ ಅದು ದಲ್ಲಾಳಿ ಇಲ್ಲದೆಯೂ ಕೆಲಸ ನಡೆಸಬಲ್ಲದು.

ಎಎಸ್‌ಸಿ ಸುಮ್ನೆ ಕೊಂಡಿ ಮಾತ್ರ ಅಲ್ಲ. ಅದರ ಪೈರಿನ್ ಭಾಗಗಳು ಒಂದರ ಮೇಲೊಂದು ಸೇರಿ ಎಳೆಯಾಗುತ್ತವೆ, ಎಳೆಗಳೆಲ್ಲ ಮುದ್ದೆಯಾಗಿ ಸುಮಾರು 1 ಮೈಕ್ರೋಮೀಟರ್‌ನ ಒಂದು ಚುಕ್ಕೆಯಾಗುತ್ತದೆ, ಅಲ್ಲಿ ಒತ್ತೊತ್ತಾಗಿ ಬಂದು ಕೂತ ಕ್ಯಾಸ್ಪೇಸ್-1ಗಳು ಒಂದನ್ನೊಂದು ಎಬ್ಬಿಸುತ್ತವೆ. ಸಣ್ಣ ಸೂಚನೆ ಜಾಸ್ತಿಯಾಗೋದು ಇಲ್ಲೇ.

ಇದೆಲ್ಲದರ ಕೊನೆಗೆ ಜೀವಕೋಶ ಸಾಯಬಹುದು, ಆದರೆ ಅದನ್ನು ಸಾಯಿಸೋದು ಪೈರಿನ್ ಡೊಮೇನ್ ಅಲ್ಲ. ಕ್ಯಾಸ್ಪೇಸ್-1 ಗ್ಯಾಸ್ಡರ್ಮಿನ್ ಡಿ ಅನ್ನೋ ಪ್ರೋಟೀನನ್ನು ಕತ್ತರಿಸುತ್ತದೆ, ಆ ತುಂಡು ಜೀವಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ.

ಅಂದಹಾಗೆ, ಈ ಡೊಮೇನ್‌ಗೆ ಹೆಸರು ಬಂದಿದ್ದು 1997ರಲ್ಲಿ ಪತ್ತೆಯಾದ ಪೈರಿನ್ ಪ್ರೋಟೀನ್‌ನಿಂದ. ಅದರ ಜೀನ್ ಕೆಟ್ಟರೆ ಕೌಟುಂಬಿಕ ಮೆಡಿಟರೇನಿಯನ್ ಜ್ವರ ಅನ್ನೋ ಆನುವಂಶಿಕ ಕಾಯಿಲೆ ಬರುತ್ತದೆ. ತಮಾಷೆ ಅಂದ್ರೆ, ತೀವ್ರ ಜ್ವರ ತರುವ ಬದಲಾವಣೆಗಳು ಹೆಚ್ಚಾಗಿ ಸಿಗೋದು ಪೈರಿನ್ ಡೊಮೇನ್‌ನಲ್ಲಲ್ಲ, ಪ್ರೋಟೀನ್‌ನ ಇನ್ನೊಂದು ತುದಿಯಲ್ಲಿ.