ಎರಡು ತೂತಿನ ಜಿಂಕೆ ಯಾರದ್ದು?

ತಮ್ಮಾ,

ನೀನು ಬರೆದದ್ದು ಓದಿ ಮೊದಲು ನಗು ಬಂತು. ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಇನ್ನೂ ನಾಲ್ಕು ತಿಂಗಳಾಗಿಲ್ಲ, ಆಗಲೇ ಆಫೀಸಿನವರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಬಾ ಅಂತ ಕರೆದಿದ್ದಾರೆ. ಊಟದ ಹೊತ್ತಿನಲ್ಲಿ ಇಬ್ಬರು ಹೋದ ವರ್ಷದ ಜಿಂಕೆಯೊಂದು ಯಾರದ್ದು ಅಂತ ಇನ್ನೂ ಕಿತ್ತಾಡುತ್ತಿದ್ದರಂತೆ. ಒಬ್ಬ ಮೊದಲು ಗುಂಡು ತಾಗಿಸಿದವನು, ಇನ್ನೊಬ್ಬ ಕೆಡವಿದವನು. ‘ಅಣ್ಣಾ, ಕಾನೂನು ಏನು ಹೇಳುತ್ತೆ? ನನಗೇ ಹೀಗಾದರೆ ಪೊಲೀಸರನ್ನು ಕರೀಬೇಕಾ?’ ಅಂತ ಕೇಳಿದ್ದೀಯ.

ಪೊಲೀಸರನ್ನು ಕರೀಬೇಡ. ಉಳಿದದ್ದು ಸ್ವಲ್ಪ ಉದ್ದದ ಕಥೆ.

ಇಲ್ಲಿ ಬೇಟೆ ಅಂದರೆ ಏನು ಅನ್ನೋದು ನಮ್ಮಂಥವರಿಗೆ ಬೇಗ ಅರ್ಥ ಆಗುವುದಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಂದರೆ ಅಪರಾಧ ಅಂತಲೇ ಕೇಳಿಕೊಂಡು ಬೆಳೆದವರು ನಾವು. ಇಲ್ಲಿ ಅದು ಹೆಚ್ಚುಕಮ್ಮಿ ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲಿನ ಶನಿವಾರ ಕೋವಿಯ ಸೀಸನ್ ಶುರು, ಒಂಬತ್ತು ದಿನ. ಆ ವಾರ ನಿನ್ನ ಆಫೀಸು ಅರ್ಧ ಖಾಲಿ ಇರುತ್ತೆ, ನೋಡುತ್ತಿರು. ಅಪ್ಪ, ಮಗಳು, ಅಜ್ಜ, ಚಿಕ್ಕಪ್ಪ ಎಲ್ಲ ಒಂದೇ ಗುಡಿಸಲಿನಂಥ ಕ್ಯಾಂಪಿನಲ್ಲಿ ಮಲಗುತ್ತಾರೆ. ಬೆಳಗಿನ ಕತ್ತಲಲ್ಲಿ ಎದ್ದು ಒಬ್ಬೊಬ್ಬರೂ ಅವರವರ ಅಟ್ಟಣೆ ಹತ್ತಿ ಕೂರುತ್ತಾರೆ. ಸೊಂಟದ ಮೇಲಿನ ಬಟ್ಟೆ ಅರ್ಧಕ್ಕಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಲೇಬೇಕು. ಗುಲಾಬಿಯೂ ಆಗುತ್ತೆ, 2016ರಿಂದ. ನಿನ್ನನ್ನು ಕರೆದಿದ್ದಾರೆ ಅಂದರೆ ಅದು ಸುಮ್ನೆ ಉಪಚಾರದ ಮಾತಲ್ಲ, ಮನೆಯೊಳಗೆ ಕರೆದ ಹಾಗೆ.

ಜಗಳದ ವಿಷಯಕ್ಕೆ ಮೊದಲು ನೀನು ಕೇಳದೇ ಇದ್ದ ಒಂದು ಮಾತು. ನೀನು ಇರುವುದು ಎಚ್-1ಬಿ ವೀಸಾದ ಮೇಲೆ. ಈ ಥರದ ವೀಸಾದಲ್ಲಿ ಬಂದವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಕೆಲವು ವಿನಾಯಿತಿಗಳಿವೆ, ಅದರಲ್ಲಿ ಮುಖ್ಯವಾದದ್ದು ಇಲ್ಲಿನ ಬೇಟೆ ಲೈಸೆನ್ಸ್ ಇರುವುದು. ‘ಅಯ್ಯೋ, ನನ್ನ ಕೋವಿ ಅಲ್ಲ, ಗೆಳೆಯನದ್ದು, ಐದು ನಿಮಿಷ ಹಿಡಿದಿದ್ದೆ’ ಅನ್ನೋದು ಅಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಬೇಕೆಂದರೆ, 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಕೋರ್ಸ್ ಇಲ್ಲದೆ ಅನುಭವಸ್ಥರ ಕೈಯಳತೆಯಲ್ಲೇ ಇದ್ದು ಕಲಿಯುವ ದಾರಿಯೂ ಇದೆ, ಅದಕ್ಕೂ ಲೈಸೆನ್ಸ್ ಬೇಕು. ವಕೀಲರನ್ನು ಒಂದು ಮಾತು ಕೇಳಿಯೇ ಮುಂದುವರಿ. ಒಂದು ಜಿಂಕೆಗೋಸ್ಕರ ಗ್ರೀನ್ ಕಾರ್ಡಿನ ಸಾಲಿನಿಂದ ಬೀಳುವುದು ಬೇಡ.

ಈಗ ಕಾನೂನು. ಇಲ್ಲಿ ಲಾ ಓದುವ ಹುಡುಗರಿಗೆ ಆಸ್ತಿ ಹಕ್ಕಿನ ಪಾಠ ಶುರುವಾಗುವುದೇ ಒಂದು ನರಿಯಿಂದ. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡಿನ ಸಮುದ್ರ ದಂಡೆಯಲ್ಲಿ ಪೋಸ್ಟ್ ಅನ್ನುವವನು ನಾಯಿಗಳನ್ನು ಬಿಟ್ಟು ನರಿ ಅಟ್ಟಿಸಿಕೊಂಡು ಬರುತ್ತಿದ್ದ. ಪಿಯರ್ಸನ್ ಅನ್ನುವವನು ಅದನ್ನು ಕಂಡು, ಅಡ್ಡ ಬಂದು, ನರಿಯನ್ನು ಕೊಂದು ಎತ್ತಿಕೊಂಡು ಹೋದ. 1805ರಲ್ಲಿ ನ್ಯೂಯಾರ್ಕ್‌ನ ಕೋರ್ಟು ಪಿಯರ್ಸನ್ ಪರ ತೀರ್ಪು ಕೊಟ್ಟಿತು. ಬರೀ ಬೆನ್ನಟ್ಟಿದರೆ ಪ್ರಾಣಿ ನಿನ್ನದಾಗುವುದಿಲ್ಲ, ಹಿಡಿದಿರಬೇಕು, ಇಲ್ಲವೇ ಸಾಯುವಂಥ ಗಾಯ ಮಾಡಿ ಬಿಡದೆ ಹಿಂದೆ ಬಿದ್ದಿರಬೇಕು ಅಂತ. ತೀರ್ಪು ಬರೆದ ಟಾಂಪ್‌ಕಿನ್ಸ್ ಮುಂದೆ ಅಮೆರಿಕದ ಉಪಾಧ್ಯಕ್ಷರೇ ಆದರು. ನನಗೆ ಇಷ್ಟವಾಗುವುದು ಮಾತ್ರ ಅದನ್ನು ಒಪ್ಪದೆ ಬೇರೆ ಬರೆದ ಲಿವಿಂಗ್‌ಸ್ಟನ್. ಇದನ್ನು ಕೋರ್ಟಿಗೆ ಯಾಕೆ ತಂದಿರಿ, ಬೇಟೆಯವರ ಮುಂದೆ ಇಟ್ಟಿದ್ದರೆ ಅವರೇ ತೀರ್ಮಾನ ಮಾಡುತ್ತಿದ್ದರಲ್ಲ ಅನ್ನೋದು ಅವರ ಮಾತಿನ ಸಾರ.

ಇನ್ನೂರು ವರ್ಷದ ಮೇಲೂ ಕಾಡಿನಲ್ಲಿ ನಡೆಯುವುದು ಲಿವಿಂಗ್‌ಸ್ಟನ್ ಮಾತೇ. ತೊಂದರೆ ಏನೆಂದರೆ ಬೇಟೆಯವರಲ್ಲೇ ಒಮ್ಮತ ಇಲ್ಲ. ‘ಮೊದಲ ರಕ್ತ’ ತೆಗೆದವನದ್ದು ಅನ್ನುವ ಮನೆಗಳಿವೆ. ‘ಕೆಡವಿದವನದ್ದು’ ಅನ್ನುವವರೂ ಇದ್ದಾರೆ. ನಾನು ಜಾಸ್ತಿ ಕೇಳಿರುವುದು ಮತ್ತು ಈಗ ನಂಬುವುದು ಮೂರನೆಯದ್ದನ್ನು: ಯಾರ ಗುಂಡು ತಾಗಿದ ಮೇಲೆ ಆ ಜಿಂಕೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲವೋ ಅವರದ್ದು. ಕಾಲಿಗೆ ತಾಗಿದ ಗುಂಡು ಮೊದಲ ರಕ್ತವೇ, ಆದರೆ ಮೂರು ಕಾಲಿನ ಜಿಂಕೆ ಎರಡು ಗುಡ್ಡ ದಾಟಿ ಹೋಗುತ್ತೆ. ಇದಕ್ಕೆ ಸೇರಿದ ಇನ್ನೊಂದು ಷರತ್ತು, ಹೊಡೆದವನು ಹಿಂದೆ ಬಂದಿರಬೇಕು. ಅಕ್ಟೋಬರ್‌ನಲ್ಲಿ ನಿನ್ನ ಬಾಣ ತಾಗಿದ ಜಿಂಕೆಯನ್ನು ನವೆಂಬರ್‌ನಲ್ಲಿ ಇನ್ನೊಬ್ಬ ಹೊಡೆದರೆ, ಹಕ್ಕಳೆಗಟ್ಟಿದ ಹಳೇ ಗಾಯ ತೋರಿಸಿ ‘ಅದು ನಂದು’ ಅಂದರೆ ಜನ ನಗುತ್ತಾರೆ.

ಇನ್ನೊಂದು ಗಮನಿಸು. ಕೊಂಬಿಲ್ಲದ ಹೆಣ್ಣು ಜಿಂಕೆಗೆ ಜಗಳ ಆಡಿದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಜಗಳ ಎಲ್ಲ ಎಂಟು, ಹತ್ತು ಕವಲಿನ ಕೊಂಬಿಗೇ. ಮಾಂಸ ಬೇಕಾದರೆ ನೀನೇ ತಗೋ ಅನ್ನುತ್ತಾರೆ.

ನನ್ನ ಕಥೆ ಹೇಳುತ್ತೇನೆ. ಅದು ನನ್ನ ಮೂರನೇ ಸೀಸನ್. ಕೊಯ್ದ ಜೋಳದ ಹೊಲದ ಅಂಚು, ಆಚೆಗೆ ಓಕ್ ಮರದ ದಿಬ್ಬ, ಬೆರಳೆತ್ತರ ಹಿಮ. ಎಂಟೂವರೆ ಹೊತ್ತಿಗೆ ಗಂಡು ಜಿಂಕೆ ಬಂತು. ಹೊಡೆದೆ. ಅದು ಹಾರಲಿಲ್ಲ, ಒದೆಯಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಗೂನು ಮಾಡಿಕೊಂಡು, ಹೊಟ್ಟೆನೋವು ಬಂದವರ ಥರ ನಿಧಾನವಾಗಿ ನಡೆದು ಪೊದೆಯೊಳಗೆ ಹೋಯಿತು. ಆ ಗೂನು ಬೆನ್ನಿನಲ್ಲೇ ಎಲ್ಲ ಬರೆದಿತ್ತು, ನನಗೆ ಓದಲು ಬರಲಿಲ್ಲ ಅಷ್ಟೇ. ಹತ್ತು ನಿಮಿಷಕ್ಕೆ ಅಟ್ಟಣೆ ಇಳಿದುಬಿಟ್ಟೆ.

ಹಿಮದ ಮೇಲೆ ರಕ್ತ ಸ್ವಲ್ಪವೇ ಇತ್ತು, ಕಪ್ಪು ಕಪ್ಪಾಗಿ. ಅದರ ಜೊತೆ ಹಸಿರು ಮಿಶ್ರಿತ ಕಂದು ಬಣ್ಣದ ಏನೋ ಅಂಟು. ಬಗ್ಗಿ ಮೂಸಿದರೆ ಹುಳಿ ವಾಸನೆ. ಗುಂಡು ಹೊಟ್ಟೆಗೆ, ಕರುಳಿಗೆ ತಾಗಿದೆ ಅಂತ ಅರ್ಥ. ಅಂಥ ಜಿಂಕೆ ಸಾಯುತ್ತೆ, ಆದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಎಂಟು ಹತ್ತು ಗಂಟೆ ಬಿಟ್ಟು ಹೋದರೆ ಹತ್ತಿರದಲ್ಲೇ ಮಲಗಿ ಸತ್ತಿರುತ್ತೆ. ಶ್ವಾಸಕೋಶಕ್ಕೆ ತಾಗಿದ್ದರೆ ರಕ್ತ ತಿಳಿ ಗುಲಾಬಿ, ಸೋಪಿನ ನೊರೆಯ ಹಾಗೆ ಗುಳ್ಳೆ ಇರುತ್ತೆ, ಅದಕ್ಕೆ ಅರ್ಧ ಗಂಟೆ ಸಾಕು. ಕಪ್ಪು ಕೆಂಪು ಬರೀ ರಕ್ತ ಆದರೆ ಯಕೃತ್ತು, ನಾಲ್ಕು ಗಂಟೆಯಾದರೂ ಕಾಯಬೇಕು. ಇದೆಲ್ಲ ಕೋರ್ಸಿನಲ್ಲಿ ಕೇಳಿದ್ದೆ. ಎದುರಿಗೆ ಕೊಂಬು ಕಂಡಾಗ ಕೋರ್ಸು ಯಾರಿಗೆ ನೆನಪಿರುತ್ತೆ, ಹೇಳು.

ಜಾಡು ಹಿಡಿದು ಹೋದೆ. ದೇವದಾರು ಪೊದೆಯ ಕೆಳಗೆ ಹಿಮ ಕರಗಿದ ಒಂದು ತಗ್ಗು, ನಡುವೆ ರಕ್ತ. ಮಲಗಿತ್ತು, ನನ್ನ ಹೆಜ್ಜೆ ಸದ್ದಿಗೆ ಎದ್ದು ಓಡಿದೆ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ದಿಬ್ಬದಾಚೆ ಒಂದು ಗುಂಡಿನ ಸದ್ದು.

ಏದುಸಿರು ಬಿಡುತ್ತಾ ಹೋಗಿ ನೋಡಿದರೆ, ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ ಜಿಂಕೆಯ ಪಕ್ಕ ಮಂಡಿಯೂರಿ ಕೂತಿದ್ದರು. ಚಾಕು ಇನ್ನೂ ಒರೆಯಲ್ಲೇ ಇತ್ತು. ನಾನು ದೂರದಿಂದಲೇ ‘ಅದು ನಂದು!’ ಅಂತ ಕೂಗಿದೆ. ಅವರು ಏನೂ ಅನ್ನಲಿಲ್ಲ. ಕೋವಿಯಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು. ಕೋವಿಯನ್ನು ಮರಕ್ಕೆ ಒರಗಿಸಿದರು. ಆಮೇಲೆ ನನ್ನ ಕೋವಿಯನ್ನೇ ನೋಡುತ್ತಾ ನಿಂತರು. ನಾಚಿಕೆಯಾಗಿ ನಾನೂ ಗುಂಡು ತೆಗೆದೆ. ಆಗ, ‘ಬಾ, ನೋಡೋಣ’ ಅಂದರು.

ಎರಡು ತೂತು. ಒಂದು ಮುಂಗಾಲಿನ ಹಿಂದೆ, ಕೈಯಿಟ್ಟು ಅಳೆದ ಹಾಗೆ. ಇನ್ನೊಂದು ಹೊಟ್ಟೆಯ ಹಿಂಬದಿ, ಅದರ ಸುತ್ತ ಅದೇ ಹಸಿರು. ಎಷ್ಟು ಹೊತ್ತು ಕಾದೆ ಅಂತ ಕೇಳಿದರು. ಹತ್ತು ನಿಮಿಷ ಅಂದೆ. ಅವರು ಬೈಯಲಿಲ್ಲ. ‘ನನ್ನ ಮುಂದೆ ಓಡುತ್ತಾ ಹೋಗುತ್ತಿತ್ತು’ ಅಂದರು, ಅಷ್ಟೇ. ನಾನು ಬಿಡಲಿಲ್ಲ. ನರಿ ಕೇಸು ಆಗಷ್ಟೇ ಎಲ್ಲೋ ಓದಿದ್ದೆ, ಸಾಯುವಂಥ ಗಾಯ, ಬಿಡದೆ ಹಿಂಬಾಲಿಸಿದ್ದೇನೆ ಅಂತ ಕಾಡಿನ ಮಧ್ಯೆ ವಾದಕ್ಕೆ ನಿಂತೆ! ಪುಸ್ತಕದ ಪ್ರಕಾರ ನನ್ನ ಕಡೆಗೂ ಒಂದಿಷ್ಟು ಬಲ ಇತ್ತು ಅಂತ ಈಗಲೂ ಅನಿಸುತ್ತೆ. ಅಜ್ಜ ಎಲ್ಲ ಕೇಳಿಸಿಕೊಂಡು, ‘ಸರಿ, ನಾನು ಹೊಡೆಯದಿದ್ದರೆ ಇವತ್ತು ಇದನ್ನು ನೀನು ಹುಡುಕುತ್ತಿದ್ದೆಯಾ?’ ಅಂದರು.

ಇಲ್ಲ. ಕತ್ತಲಾಗುವವರೆಗೂ ಅಟ್ಟಿಸಿ, ರಾತ್ರಿ ತೋಳದಂಥ ಕೊಯೋಟಿಗಳ ಪಾಲು ಮಾಡುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಒಂದು ನಿಮಿಷ ಹಿಡಿಯಿತು.

ಆಮೇಲೆ ಹೊಟ್ಟೆ ಸೀಳುವಾಗ ಹಿಂಗಾಲು ನಾನೇ ಹಿಡಿದುಕೊಂಡೆ. ಹಬೆ ಎದ್ದಿತು, ಜೊತೆಗೆ ಆ ವಾಸನೆ. ಬೆನ್ನೆಲುಬಿನ ಒಳಬದಿಯ ಎಳೆ ಮಾಂಸ, ಎಲ್ಲರೂ ಮೊದಲು ಎತ್ತಿಡುವ ಭಾಗ, ನನ್ನ ಗುಂಡಿನಿಂದ ಹಾಳಾಗಿತ್ತು. ಅವರು ಅದನ್ನು ತೋರಿಸಿದರು, ಮಾತಾಡಲಿಲ್ಲ. ಇಬ್ಬರೂ ಸೇರಿ ಅವರ ಟ್ರಕ್ಕಿನವರೆಗೆ ಎಳೆದೆವು. ಒಂದು ವಾರ ಆದ ಮೇಲೆ ಒಂದು ಹಿಂದೊಡೆ ನನ್ನ ಮನೆಗೆ ಬಂತು, ಬಿಳಿ ಕಾಗದದಲ್ಲಿ ಸುತ್ತಿ.

ಎರಡು ವರ್ಷದ ಮೇಲೆ ಇದೇ ಆಟ ತಿರುಗುಮುರುಗಾಯಿತು. ತೂರಾಡುತ್ತಾ ಬಂದ ಗಂಡು ಜಿಂಕೆಯೊಂದನ್ನು ನಾನು ಕೆಡವಿದೆ. ಹತ್ತಿರ ಹೋದರೆ ಪಕ್ಕೆಯಲ್ಲಿ ನೊರೆ ರಕ್ತ, ಮೊದಲೇ ತಾಗಿದ್ದು. ಇಂಥ ಕಡೆ ಚಾಕು ತೆಗೆಯಬಾರದು, ಯಾರಾದರೂ ಬರುತ್ತಾರಾ ಅಂತ ಕಾಯಬೇಕು. ಕಾದೆ. ಹದಿನಾಲ್ಕರ ಹುಡುಗ ತಂದೆಯ ಜೊತೆ ಹಿಮದ ಮೇಲೆ ಕಣ್ಣಿಟ್ಟುಕೊಂಡೇ ಬಂದ. ಜಿಂಕೆ ನಿನ್ನದೇ ಕಣೋ ಅಂದೆ. ಅವನ ಮುಖ ನೋಡಬೇಕಿತ್ತು.

ಬೇಲಿಯ ವಿಷಯ ಇದಕ್ಕಿಂತ ಗಂಭೀರ. ನೀನು ಹೊಡೆದ ಜಿಂಕೆ ಪಕ್ಕದವರ ಜಮೀನಿಗೆ ಹೋಗಿ ಬಿದ್ದರೆ, ಕಣ್ಣಿಗೆ ಕಾಣುತ್ತಿದ್ದರೂ ಬೇಲಿ ದಾಟಬೇಡ. ವಿಸ್ಕಾನ್ಸಿನ್‌ನಲ್ಲಿ ಮಾಲೀಕರ ಒಪ್ಪಿಗೆ ಬೇಕು. ಅವರು ಬೇಡ ಅಂದರೆ ಬೇಟೆಯ ಕಾನೂನು ನೋಡಿಕೊಳ್ಳುವ ವಾರ್ಡನ್ ಬಂದರೂ ಒಪ್ಪಿಸುವ ಹಾಗಿಲ್ಲ, ಬೇಕಿದ್ದರೆ ನಿನ್ನ ಪರವಾಗಿ ಒಂದು ಮಾತು ಕೇಳಬಹುದು. ನದಿಯಾಚೆ, ಪಕ್ಕದ ರಾಜ್ಯ ಮಿನೆಸೋಟಾದಲ್ಲಿ ಬೇರೆ ಲೆಕ್ಕ. ‘ಒಳಗೆ ಬರಬೇಡಿ’ ಅಂತ ಬೋರ್ಡು ಹಾಕದ ಹೊಲಕ್ಕೆ ಗಾಯವಾದ ಪ್ರಾಣಿಯ ಹಿಂದೆ ಕಾಲ್ನಡಿಗೆಯಲ್ಲಿ ಹೋಗಬಹುದು, ಮಾಲೀಕರು ಹೋಗು ಅಂದ ತಕ್ಷಣ ಹೊರಡಬೇಕು. ಅಲ್ಲಿನ ಗೆಳೆಯರು ಹೇಳಿದ್ದನ್ನು ಇಲ್ಲಿಗೆ ತಂದುಕೊಂಡು ಸಿಕ್ಕಿಹಾಕಿಕೊಳ್ಳಬೇಡ. ಸೀಸನ್‌ಗೆ ಮೊದಲೇ ಪಕ್ಕದ ಜಮೀನಿನವರ ಬಾಗಿಲು ತಟ್ಟಿ ಪರಿಚಯ ಮಾಡಿಕೊಂಡಿದ್ದರೆ, ಜಿಂಕೆ ಬಿದ್ದ ದಿನ ಕೇಳುವುದು ಸುಲಭ.

ಹೆದರಿಸುವುದಕ್ಕಲ್ಲ, ಆದರೂ ಹೇಳಲೇಬೇಕು. 2004ರ ನವೆಂಬರ್‌ನಲ್ಲಿ, ಇದೇ ರಾಜ್ಯದ ಉತ್ತರದ ಸಾಯರ್ ಕೌಂಟಿಯಲ್ಲಿ, ಬೇರೆಯವರ ಜಮೀನಿನ ಅಟ್ಟಣೆಯಲ್ಲಿ ಕೂತಿದ್ದ ಆಗ್ನೇಯ ಏಷ್ಯಾದ ಹ್ಮಾಂಗ್ ಜನಾಂಗದ ವಲಸಿಗನೊಬ್ಬನಿಗೂ ಜಮೀನಿನ ಕಡೆಯವರಿಗೂ ಮಾತು ಬೆಳೆಯಿತು. ಅವನ ಗುಂಡಿಗೆ ಆರು ಜನ ಸತ್ತರು, ಇಬ್ಬರು ಗಾಯಗೊಂಡರು. ಅವನಿಗೆ ಜೀವಾವಧಿ. ಜನಾಂಗದ ಬೈಗುಳ ಕೇಳಬೇಕಾಯಿತು ಅಂತ ಅವನು, ಗುಂಡು ಮೊದಲು ಹಾರಿಸಿದ್ದು ಅವನೇ ಅಂತ ಬದುಕುಳಿದವರು. ಆ ಕಡೆ ಬೇಟೆಗೆ ಹೋಗುವ ನಮ್ಮ ಬಣ್ಣದವರೆಲ್ಲ ಆ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುತ್ತೇವೆ. ಹಾಗಾಗಿ ನನ್ನ ನಿಯಮ ಒಂದೇ: ಎದುರಿನವನು ದನಿ ಎತ್ತಿದರೆ, ಜಿಂಕೆ ಅವನದ್ದು. ನ್ಯಾಯ ನನ್ನ ಕಡೆ ಇದ್ದರೂ ಅವನದ್ದೇ. ಇದನ್ನು ಹೇಡಿತನ ಅನ್ನುವವರಿದ್ದಾರೆ, ಅನ್ನಲಿ ಬಿಡು.

ನಿನ್ನ ಆಫೀಸಿನವರ ಜೊತೆ ಹೋಗುವುದಾದರೆ ಈ ರಗಳೆ ಕಡಿಮೆ. ಹಿಂದಿನ ರಾತ್ರಿ ಇಸ್ಪೀಟು ಆಡುವಾಗಲೇ ಕೇಳಿಬಿಡು, ‘ನಿಮ್ಮ ಕ್ಯಾಂಪಿನಲ್ಲಿ ಎರಡು ಗುಂಡು ತಾಗಿದರೆ ಯಾರದ್ದು?’ ಅಂತ. ಪ್ರತಿ ಕ್ಯಾಂಪಿಗೂ ಒಂದು ಪದ್ಧತಿ ಇರುತ್ತೆ, ಹೊಸಬ ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಜೊತೆಗೆ ನಾಲ್ಕು ಹಳೇ ಜಗಳದ ಕಥೆಯೂ ಬರುತ್ತೆ. ಕಾಗದದ ಕೆಲಸವೂ ಇಲ್ಲಿ ಸಲೀಸು. ಕೋವಿ ಸೀಸನ್‌ನಲ್ಲಿ ಕಣ್ಣಳತೆ ಅಥವಾ ಕೂಗಳತೆಯಲ್ಲಿ ಇರುವ ಗುಂಪಿನ ಲೈಸೆನ್ಸ್‌ದಾರರು ಒಬ್ಬರ ಪಾಲಿನ ಜಿಂಕೆಯ ಪರವಾನಗಿಯ ಮೇಲೆ ಇನ್ನೊಬ್ಬರು ಹೊಡೆಯಬಹುದು, ಫೋನು ವಾಕಿಟಾಕಿ ಲೆಕ್ಕಕ್ಕಿಲ್ಲ. ಜಿಂಕೆ ಸಿಕ್ಕ ಮರುದಿನ ಸಂಜೆ ಐದರೊಳಗೆ ನೋಂದಣಿ ಆಗಬೇಕು.

ಈ ವರ್ಷ ಕೋವಿ ಇಲ್ಲದೆ ಸುಮ್ನೆ ಹೋಗು ಅನ್ನೋದು ನನ್ನ ಸಲಹೆ. ಕ್ಯಾಂಪಿನಲ್ಲಿ ಅಡುಗೆ ಮಾಡು, ಜಿಂಕೆ ಎಳೆಯಲು ಕೈ ಹಾಕು, ಜಾಡು ಹಿಡಿಯಲು ಜೊತೆಗೆ ನಡೆ. ಹೊಸ ಕಣ್ಣಿಗೆ ಎಲೆಯ ಮೇಲಿನ ಒಂದು ಹನಿ ಬೇಗ ಕಾಣುತ್ತೆ. ಜೇಬಿನಲ್ಲಿ ಒಂದು ರೋಲು ಟಾಯ್ಲೆಟ್ ಪೇಪರ್ ಇರಲಿ, ನಗಬೇಡ. ರಕ್ತ ಕಂಡಲ್ಲೆಲ್ಲ ಒಂದು ಚೂರು ಕೊಂಬೆಗೆ ಸಿಕ್ಕಿಸುತ್ತಾ ಹೋದರೆ, ಜಾಡು ತಪ್ಪಿದಾಗ ಹಿಂದೆ ತಿರುಗಿ ನೋಡಿ ಜಿಂಕೆ ಯಾವ ಕಡೆ ಹೊರಟಿತ್ತು ಅಂತ ತಿಳಿಯುತ್ತೆ. ಮಳೆ ಬಂದರೆ ಅದೇ ಕರಗಿಹೋಗುತ್ತೆ.

ಕಿತ್ತಳೆ ಜಾಕೆಟ್ಟು, ಟೋಪಿ ಕೊಳ್ಳಬೇಡ. ನನ್ನ ಹತ್ತಿರ ಎರಡು ಜೊತೆ ಇದೆ, ಬಂದು ತಗೊಂಡು ಹೋಗು. ದೊಡ್ಡದಾದರೂ ಒಳಗೆ ಎರಡು ಸ್ವೆಟರ್ ಹಾಕಿದರೆ ಸರಿಹೋಗುತ್ತೆ.