ಶಾಲು ಹೊದ್ದಾಯ್ತು, ಮುಂದೇನು?

ಪ್ರಶ್ನೆ: ಹಳೇ ಮನೆಗಳನ್ನು ಅಳೆದು ನಕ್ಷೆ ಬರೆಯೋ ನಮ್ಮ ವಾಸ್ತುಶಿಲ್ಪ ಸಂಶೋಧನಾ ಸಂಘಕ್ಕೆ ಹೋದ ವಾರ ಮಹಾಸಭೆಯಲ್ಲಿ ಚುನಾವಣೆ ಆಯಿತು. ನಾನೂ ಸೇರಿ ಐದು ಜನ ಹೊಸಬರು ಆಡಳಿತ ಮಂಡಳಿಗೆ ಬಂದಿದ್ದೇವೆ. ದಿನಾ ಒಂದು ಕಡೆ ಸನ್ಮಾನ. ಮೊದಲು ಮಾಡಬೇಕಾದ ಕೆಲಸ ಯಾವುದು ಸಾರ್?
– ಓದುಗರು, ವಿರಾಜಪೇಟೆ

ಉತ್ತರ: ಶಾಲು ಮಡಿಸಿಟ್ಟು ನಡಾವಳಿ ಪುಸ್ತಕ ಕೇಳಿ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆದ ಸಂಘ ಆಗಿದ್ದರೆ, ಮಹಾಸಭೆ ಆಗಿ 14 ದಿನದೊಳಗೆ ಹೊಸ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ಲೆಕ್ಕಪತ್ರದ ಜೊತೆ ನೋಂದಣಾಧಿಕಾರಿಗೆ ಕೊಡಬೇಕು. ಅದರಲ್ಲಿ ಒಂದು ವಾರ ಸನ್ಮಾನಕ್ಕೇ ಹೋಯ್ತು, ಅಲ್ವಾ? ಬ್ಯಾಂಕಿನಲ್ಲಿ ಸಹಿ ಬದಲಾಯಿಸೋಕೆ ಠರಾವಿನ ಪ್ರತಿ ಕೇಳ್ತಾರೆ, ಅದನ್ನೂ ಈಗಲೇ ಬರೆಸಿಕೊಳ್ಳಿ.

ಆಮೇಲೆ ನಕ್ಷೆಗಳು. ಇದನ್ನು ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನನಗೆ ಇದರಲ್ಲಿ ಹೊಟ್ಟೆಉರಿ ಇದೆ. ಸುಮಾರು ವರ್ಷಗಳ ಹಿಂದೆ ಇಂಥದ್ದೇ ಒಂದು ಸಂಘದವರು ನಮ್ಮ ಮನೆ ಅಳೆಯೋಕೆ ಬಂದಿದ್ದರು. ಎರಡು ದಿನ ಇದ್ದರು, ಕಡಂಬುಟ್ಟು ತಿಂದರು, ಕಂಬದ ಕೆತ್ತನೆ ನೋಡಿ ಆಹಾ ಅಂದರು, ಪ್ರತಿ ಕಳಿಸ್ತೀವಿ ಅಂತ ಹೇಳಿ ಹೋದರು. 2018ರ ಆಗಸ್ಟ್ ಮಳೆಯಲ್ಲಿ ಹಿಂದಿನ ಗೋಡೆ ಕುಸಿದಾಗ ಆ ನಕ್ಷೆಗೆ ಫೋನ್ ಮಾಡಿದೆವು. ಅದು ಹಿಂದಿನ ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿತ್ತಂತೆ, ಕಂಪ್ಯೂಟರ್ ಕೆಟ್ಟಿತ್ತಂತೆ. ಕೊನೆಗೆ ಬಡಗಿ ನೆನಪಿನ ಮೇಲೆ ಕಿಟಕಿ ಕೂರಿಸಿದ, ಈಗಲೂ ಅದು ಪಕ್ಕದ್ದಕ್ಕಿಂತ ಒಂದು ಗೇಣು ಗಿಡ್ಡ. ಹಾಗಾಗಿ ನಿಮ್ಮ ಮೊದಲ ಸಭೆಯಲ್ಲೇ ಇದುವರೆಗೆ ಅಳೆದ ಮನೆಗಳ ಪಟ್ಟಿ ಮಾಡಿ, ನಕ್ಷೆ ಯಾರ ಬೀರುವಿನಲ್ಲಿದೆ, ಯಾರ ಪೆನ್‌ಡ್ರೈವಿನಲ್ಲಿದೆ ಅಂತ ಹುಡುಕಿ, ಒಂದೊಂದು ಪ್ರತಿಯನ್ನು ಆಯಾ ಮನೆಯವರಿಗೆ ಮುಟ್ಟಿಸಿ. ಹೊಸ ಸಮೀಕ್ಷೆ, ವಿಚಾರ ಸಂಕಿರಣ ಎಲ್ಲ ಆಮೇಲೆ.

ಪ್ರಶ್ನೆ: ನಮ್ಮ ಐನ್‌ಮನೆ (ಕೊಡವ ಮನೆತನದ ಮೂಲ ಮನೆ) ಅಳೆಯೋಕೆ ಒಂದು ಸಂಘದ ಹೊಸ ಮಂಡಳಿಯವರು ಕೇಳ್ತಿದ್ದಾರೆ. ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಫೋನಿನಲ್ಲೇ ಹ್ಞೂಂ ಅಂದುಬಿಟ್ಟಿದ್ದಾನೆ. ಅಷ್ಟು ಸಾಕಾ?
– ಓದುಗರು, ನಾಪೋಕ್ಲು

ಉತ್ತರ: ಸಾಲದು. ಐನ್‌ಮನೆ ಇಡೀ ಒಕ್ಕದ್ದು, ಅಂದ್ರೆ ಮನೆತನದ್ದು, ಒಬ್ಬನದ್ದಲ್ಲ. ಒಕ್ಕದ ಹಿರಿಯರಾದ ಪಟ್ಟೆದಾರರ ಹತ್ತಿರ ಮಾತಾಡಿ, ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ವಿಷಯ ಎತ್ತಿ. ಅಳತೆ ಮಾತ್ರ ಏಪ್ರಿಲ್ ಹೊತ್ತಿಗೆ ಇಟ್ಟುಕೊಳ್ಳಲಿ. ಜೂನ್ ಬಂದರೆ ಸೂರಿನ ಕೆಳಗೆ ಟೇಪ್ ಹಿಡಿಯೋಕಾಗಲ್ಲ, ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅವರಿಗೆ ಕಾಫಿ ಮಾಡಿಕೊಡೋಕೂ ಮನೆಯಲ್ಲಿ ಜನ ಇರಲ್ಲ. ಕನ್ನಿ ಕೊಂಬರೆ (ಪೂಜೆಯ ಕೋಣೆ) ಗುರು ಕಾರಣರ, ಅಂದ್ರೆ ಒಕ್ಕದ ಹಿರಿಯ ಪೂರ್ವಜರ ಜಾಗ, ಅಲ್ಲಿಗೆ ಯಾರು ಹೋಗಬಹುದು, ಫೋಟೋ ತೆಗೀಬಹುದಾ ಅನ್ನೋದನ್ನ ಮೊದಲೇ ಹೇಳಿಬಿಡಿ. ಜಗಲಿಯ ಐಮರ (ಕಂಬಗಳ ನಡುವಿನ ಮರದ ಹಲಗೆ), ನೆಲ್ಲಕ್ಕಿ ನಡುಬಾಡೆ (ನಡುಮನೆ) ಎಲ್ಲರೂ ಅಳೀತಾರೆ. ನೀವು ಕೈಮಡ (ಪೂರ್ವಜರ ಗುಡಿ), ಮನೆಗೆ ಬರೋ ಓಣಿ, ಕಣ, ಕೊಟ್ಟಿಗೆ ಕೂಡ ನಕ್ಷೆಯಲ್ಲಿ ಬರಲಿ ಅಂತ ಕೇಳಿ, ಅವೇ ಮೊದಲು ಹಾಳಾಗೋದು. ನಕ್ಷೆಯ ಪ್ರತಿ ಇಷ್ಟು ದಿನದಲ್ಲಿ ಕೊಡ್ತೀವಿ ಅಂತ ಸಂಘದ ಕಾಗದದ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನ ಕಥೆ ಮೇಲೆ ಓದಿದ್ದೀರಲ್ಲ.

ಪ್ರಶ್ನೆ: ನಾನು ಮರಗೆಲಸದವನು. ಮೂವತ್ತು ವರ್ಷದಿಂದ ಹಳೇ ಮನೆಗಳ ರಿಪೇರಿ ಮಾಡ್ತಿದ್ದೀನಿ. ಇಂಥ ಸಂಘದ ಚುನಾವಣೆಗೆ ನಿಲ್ಲಬಹುದಾ, ಇಲ್ಲಾ ಆರ್ಕಿಟೆಕ್ಟ್‌ಗಳಿಗೆ ಮಾತ್ರಾನಾ?
– ಓದುಗರು, ಸೋಮವಾರಪೇಟೆ

ಉತ್ತರ: 1972ರ ಆರ್ಕಿಟೆಕ್ಟ್ಸ್ ಕಾಯ್ದೆ ತಡೆಯೋದು ನೋಂದಣಿ ಇಲ್ಲದವರು ಹೆಸರಿನ ಮುಂದೆ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳೋದನ್ನ. ಸಂಘದ ಮಂಡಳಿಗೆ ಯಾರು ಬರಬಹುದು ಅನ್ನೋದು ಆ ಸಂಘದ ಬೈಲಾದಲ್ಲಿ (ನಿಯಮಾವಳಿಯಲ್ಲಿ) ಇರುತ್ತೆ. ಬೈಲಾ ಪ್ರತಿ ಕೇಳಿ, ಮೊದಲು ಸದಸ್ಯತ್ವ ಮಾಡಿಸಿ, ಅದಾಗದೆ ಚುನಾವಣೆ ಮಾತೇ ಇಲ್ಲ. ನಾಮಪತ್ರಕ್ಕೆ ಸೂಚಕರು ಸಿಗದಿದ್ದರೆ ವಿರಾಜಪೇಟೆಯ ಆ ಓದುಗರಿಗೆ ಇದನ್ನು ತೋರಿಸಿ.