ಋತುಬಂಧದ ವಯಸ್ಸಿನ ಉದ್ಯೋಗಿ: ಕಚೇರಿಯಲ್ಲಿ ಏನು ಬದಲಾಗಬೇಕು?

ಪ್ರಶ್ನೆ: ಮುಂಬೈಯ ಅಂಧೇರಿಯಲ್ಲಿ ನಮ್ಮದೊಂದು ಸರಕು ಸಾಗಣೆಯ ಕಚೇರಿಯಿದೆ, ಸುಮಾರು ಮೂವತ್ತು ಮಂದಿ ಕೆಲಸ ಮಾಡುತ್ತಾರೆ. ಲೆಕ್ಕಪತ್ರ ನೋಡಿಕೊಳ್ಳುವ 48 ವರ್ಷದ ಮಹಿಳೆ ನಮ್ಮ ಊರಿನ ಕಡೆಯವರೇ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಡೊಂಬಿವಲಿಯಿಂದ ಬರುವ ಅವರು ಇತ್ತೀಚೆಗೆ ತಡವಾಗಿ ತಲುಪುತ್ತಾರೆ, ಮೀಟಿಂಗ್ ನಡುವೆ ಬೆವತು ಎದ್ದುಹೋಗುತ್ತಾರೆ, ಎ.ಸಿ. ವಿಷಯದಲ್ಲಿ ಕಿರಿಯರೊಡನೆ ಮಾತಿಗೆ ಮಾತು ಬೆಳೆಯುತ್ತದೆ. ಜಿಎಸ್‌ಟಿ ಲೆಕ್ಕದಲ್ಲಿಯೂ ತಪ್ಪುಗಳಾಗಿವೆ. ಇದು ಮುಟ್ಟು ನಿಲ್ಲುವ ಕಾಲದ ತೊಂದರೆಯಿರಬೇಕೆಂದು ನನ್ನ ಪತ್ನಿ ಹೇಳುತ್ತಾಳೆ. ಗಂಡಸಾದ ನಾನು ಇದನ್ನು ಕೇಳುವುದು ಹೇಗೆ? ಕರ್ನಾಟಕದಲ್ಲಿ ಮುಟ್ಟಿನ ರಜೆ ಬಂದಿದೆಯಂತೆ. ನಮಗೂ ಅಂಥ ನಿಯಮವಿದೆಯೇ?

ಉತ್ತರ: ಋತುಬಂಧವೇ ಎಂದು ನೀವು ಕೇಳಬೇಕಾಗಿಲ್ಲ, ಕೇಳಲೂಬಾರದು. ನಿಮ್ಮ ಪತ್ನಿಯವರ ಊಹೆ ಸರಿಯಿರಬಹುದು. ಆದರೆ ಥೈರಾಯ್ಡ್ ತೊಂದರೆ, ರಕ್ತಹೀನತೆ, ಮನೆಯ ಚಿಂತೆ ಇವೆಲ್ಲವೂ ಇದೇ ರೀತಿ ಕಾಣಿಸಿಕೊಳ್ಳುತ್ತವೆ. ಮಾಲೀಕರ ಕೆಲಸ ರೋಗ ಗುರುತಿಸುವುದಲ್ಲ. ಆದ್ದರಿಂದ ಕಣ್ಣಿಗೆ ಕಂಡದ್ದನ್ನಷ್ಟೇ ಹಿಡಿದು, ಬೇರೆಯವರಿಲ್ಲದಾಗ ಮಾತನಾಡಿ: “ಅಕ್ಕಾ, ಕೆಲವು ತಿಂಗಳಿಂದ ನಿಮಗೆ ಆಯಾಸವಾಗುತ್ತಿರುವಂತೆ ಕಾಣುತ್ತದೆ. ಬರುವ ಹೊತ್ತು, ಕೂರುವ ಜಾಗ, ಕೆಲಸದ ಹಂಚಿಕೆ ಇವುಗಳಲ್ಲಿ ಏನನ್ನಾದರೂ ಬದಲಾಯಿಸಿದರೆ ಅನುಕೂಲವಾದೀತೇ?” ಅವರು ಕಾರಣ ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೂ ಬದಲಾವಣೆಗೆ ಅಡ್ಡಿಯಾಗಬಾರದು. ಪತ್ನಿಯ ಮಾತನ್ನಂತೂ ಅಲ್ಲಿ ಎತ್ತಲೇಬೇಡಿ.

ಒಳಗೆ ನಡೆಯುವುದೇನು ಎಂಬುದು ತಿಳಿದಿದ್ದರೆ ಏನು ಬದಲಾಯಿಸಬೇಕೆಂಬುದೂ ಹೊಳೆಯುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧವೆನ್ನುತ್ತೇವೆ. ಭಾರತದಲ್ಲಿ ಇದರ ಸರಾಸರಿ ವಯಸ್ಸು 46-47ರ ಆಸುಪಾಸು, ಪಾಶ್ಚಾತ್ಯ ದೇಶಗಳಲ್ಲಿ 51ರ ಹತ್ತಿರ. ಆದರೆ ಉಪದ್ರವ ಅದಕ್ಕೂ ಕೆಲವು ವರ್ಷ ಮೊದಲೇ ಆರಂಭವಾಗುತ್ತದೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನ್ ಏರಿಳಿದು ಕಡಿಮೆಯಾಗುತ್ತಿದ್ದಂತೆ, ದೇಹದ ಶಾಖವನ್ನು ನಿಯಂತ್ರಿಸುವ ಮೆದುಳಿನ ಭಾಗವು ಅತಿಸೂಕ್ಷ್ಮವಾಗಿ, ತಾಪಮಾನದ ಸಣ್ಣ ಏರಿಕೆಯನ್ನೂ ತಡೆದುಕೊಳ್ಳದೆ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಎದೆಯಿಂದ ಮುಖದವರೆಗೆ ಬಿಸಿಯೇರಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಇದೇ ರಾತ್ರಿ ನಡೆದರೆ ನಿದ್ರೆ ಹರಿದುಹೋಗುತ್ತದೆ. ನಿಮ್ಮ ಲೆಕ್ಕದ ತಪ್ಪುಗಳ ಮೂಲ ಅಲ್ಲಿಯೇ ಇರಬಹುದು. ಮರೆವು, ಪದ ನೆನಪಾಗದಿರುವುದು ಮೊದಲಾದ ದೂರುಗಳು ಬಹುತೇಕರಲ್ಲಿ ಕಾಲಕ್ರಮೇಣ ತಗ್ಗುತ್ತವೆ. ಆದ್ದರಿಂದ ಹಿರಿಯ ಉದ್ಯೋಗಿಯ ಸಾಮರ್ಥ್ಯವೇ ಮುಗಿಯಿತೆಂದು ತೀರ್ಮಾನಿಸುವುದು ಅನ್ಯಾಯ, ವ್ಯವಹಾರಕ್ಕೂ ನಷ್ಟ. ಪ್ರತಿ ತಿಂಗಳ 20ನೇ ತಾರೀಕಿನೊಳಗೆ ಸಲ್ಲಿಸುವ ಜಿಎಸ್‌ಟಿ ರಿಟರ್ನನ್ನು ಇನ್ನೊಬ್ಬರು ಒಮ್ಮೆ ತಾಳೆ ನೋಡುವ ಪದ್ಧತಿಯನ್ನು ಆರಂಭಿಸಿ. ಅದು ಯಾರು ಲೆಕ್ಕ ಬರೆದರೂ ಇರಬೇಕಾದದ್ದೇ.

ಇನ್ನು ಎ.ಸಿ. ಮುಂಬೈಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಬೇಗ ಆರದು. ಅದರಲ್ಲೂ ಅಕ್ಟೋಬರ್ ಬಿಸಿಲಿನಲ್ಲಿ ನಡೆದುಬಂದವರಿಗೆ ಕಚೇರಿ ತಲುಪಿದ ಮೊದಲರ್ಧ ಗಂಟೆ ಬಲು ಕಷ್ಟ. ಇಡೀ ಕೊಠಡಿಯನ್ನು ಚಳಿಗೆ ತಳ್ಳುವ ಬದಲು ಅವರ ಮೇಜಿಗೊಂದು ಸಣ್ಣ ಫ್ಯಾನ್ ಇಡಿ, ಎ.ಸಿ.ಯ ಗಾಳಿ ನೇರ ಬೀಳುವ ಕುರ್ಚಿಯನ್ನು ಬೇಕೆಂದವರಿಗೆ ಬಿಟ್ಟುಕೊಡಿ. ಕಿರಿಯರು ಚಳಿಗೆ ಶಾಲು ಹೊದೆಯುವುದೂ ತಪ್ಪಿತು, ಜಗಳವೂ ತಪ್ಪಿತು.

ಎ.ಸಿ.ಗಿಂತ ಮುಖ್ಯವಾದ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಶೌಚಾಲಯ. ನಗರದ ಎಷ್ಟೋ ಹಳೆಯ ವಾಣಿಜ್ಯ ಕಟ್ಟಡಗಳಲ್ಲಿ ಮಹಡಿಗೊಂದೇ ಮಹಿಳಾ ಶೌಚಾಲಯ, ಅದರ ಬೀಗದ ಕೈ ರಿಸೆಪ್ಷನ್ ಮೇಜಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹೇಳದೆ ಕೇಳದೆ ವಿಪರೀತ ಸ್ರಾವವಾಗುವುದುಂಟು. ಆಗ ಎಲ್ಲರ ಕಣ್ಣೆದುರು ಆ ಕೀಲಿ ಕೇಳಿ ಪಡೆಯುವುದಿದೆಯಲ್ಲ, ಅದರ ಮುಜುಗರ ಗಂಡಸರ ಊಹೆಗೆ ನಿಲುಕದು. ಪ್ರತಿಯೊಬ್ಬ ಮಹಿಳಾ ಉದ್ಯೋಗಿಗೂ ಒಂದೊಂದು ನಕಲು ಕೀಲಿ ಮಾಡಿಸಿಕೊಡಿ. ಒಳಗೆ ಮುಚ್ಚಳದ ಕಸದ ಬುಟ್ಟಿ, ಪ್ಯಾಡ್, ಸದಾ ನೀರು ಇರಲಿ. ಮೀಟಿಂಗ್‌ನಿಂದ ಅನುಮತಿ ಕೇಳದೆ ಎದ್ದುಹೋಗಬಹುದೆಂಬ ರೂಢಿಯನ್ನು ಎಲ್ಲರಿಗೂ ಮಾಡಿ.

ಡೊಂಬಿವಲಿಯಿಂದ ಬಂದು ದಾದರ್‌ನಲ್ಲಿ ಗಾಡಿ ಬದಲಿಸುವವರಿಗೆ, ರಾತ್ರಿ ನಿದ್ರೆಯಿಲ್ಲದ ಮೇಲೆ ಬೆಳಗಿನ ನೂಕುನುಗ್ಗಲು ಇನ್ನೊಂದು ಶಿಕ್ಷೆ. ಹನ್ನೊಂದಕ್ಕೆ ಬಂದು ಸಂಜೆ ತಡವಾಗಿ ಹೋಗಲು, ವಾರಕ್ಕೊಂದೆರಡು ದಿನ ಮನೆಯಿಂದಲೇ ಕೆಲಸ ಮಾಡಲು ಅವಕಾಶವಿತ್ತರೆ ಅದು ಹಲವು ದಿನಗಳ ರಜೆಗಿಂತ ಹೆಚ್ಚು ಉಪಕಾರಿ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಮಾತು. ಋತುಬಂಧಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಕರ್ನಾಟಕ ಸಚಿವ ಸಂಪುಟ 2025ರಲ್ಲಿ ಒಪ್ಪಿದ, ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆ ಆ ರಾಜ್ಯಕ್ಕಷ್ಟೇ ಸೀಮಿತ. ನಿಮ್ಮಂಥ ಕಚೇರಿಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 8 ದಿನಗಳ ಸಂಬಳಸಹಿತ ಸಾಂದರ್ಭಿಕ ರಜೆಯಿದೆ. ಅದನ್ನು ಅರ್ಧ ದಿನಗಳಾಗಿ, ಕಾರಣ ಕೇಳದೆ ಕೊಡಲು ನಿಮಗೆ ಯಾರ ಅಪ್ಪಣೆಯೂ ಬೇಡ. ಬ್ರಿಟನ್ನಿನಲ್ಲಾದರೆ, ಲಕ್ಷಣಗಳು ದೀರ್ಘಕಾಲ ತೀವ್ರವಾಗಿ ಬಾಧಿಸಿದಾಗ 2010ರ ಸಮಾನತೆ ಕಾಯ್ದೆಯಡಿ ಅವು ಅಂಗವೈಕಲ್ಯವೆನಿಸಬಹುದು, ಆಗ ತಕ್ಕ ಹೊಂದಾಣಿಕೆ ಮಾಡುವುದು ಮಾಲೀಕರ ಹೊಣೆ ಎಂದು ಅಲ್ಲಿನ ಸಮಾನತೆ ಆಯೋಗ 2024ರಲ್ಲಿ ಸ್ಪಷ್ಟಪಡಿಸಿದೆ.

ಕಂಪನಿಯ ಗುಂಪು ವಿಮೆ ಬಹುಪಾಲು ಆಸ್ಪತ್ರೆಗೆ ದಾಖಲಾದರೆ ಮಾತ್ರ ನೆರವಾಗುವುದರಿಂದ, ವಾರ್ಷಿಕ ತಪಾಸಣೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆಗಳನ್ನು ಸೇರಿಸಿ, ವರದಿ ಉದ್ಯೋಗಿಯ ಕೈಗೇ ಹೋಗಲಿ. ಉಳಿದದ್ದು ಅವರಿಗೂ ವೈದ್ಯರಿಗೂ ಬಿಟ್ಟದ್ದು. ಬಿಸಿಯೇರುವಿಕೆಗೆ ಹಾರ್ಮೋನ್ ಚಿಕಿತ್ಸೆಯೇ ಹೆಚ್ಚು ಪರಿಣಾಮಕಾರಿ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಸಾಮಾನ್ಯವಾಗಿ ಅದು ಸಲ್ಲದು, ಅವರಿಗೆ ಬೇರೆ ಔಷಧಿಗಳಿವೆ.

ಪ್ರಶ್ನೆ: ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಜೋಡಣೆಯ ಸಾಲಿನಲ್ಲಿದ್ದೇನೆ, ವಯಸ್ಸು 41. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸಿದ ಮೇಲೆ ಮೈ ಉರಿ ತಡೆಯಲಾಗುತ್ತಿಲ್ಲ. ಮೇಲ್ವಿಚಾರಕರು ಎಲ್ಲರೆದುರು ಅಶ್ಲೀಲವಾಗಿ ಗೇಲಿ ಮಾಡುತ್ತಾರೆ.

ಉತ್ತರ: ಅಂಡಾಶಯ ತೆಗೆದಾಗ ಹಾರ್ಮೋನ್ ಒಮ್ಮೆಲೇ ಕುಸಿಯುವುದರಿಂದ ಋತುಬಂಧದ ಲಕ್ಷಣಗಳು ತೀವ್ರವಾಗಿಯೇ ಇರುತ್ತವೆ, ಎಲುಬು ಸವೆಯುವ ಅಪಾಯವೂ ಬೇಗ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆಯ ಕಾಗದಗಳೊಂದಿಗೆ ಸ್ತ್ರೀರೋಗ ತಜ್ಞರನ್ನು ಈ ತಿಂಗಳೇ ಕಾಣಿರಿ. ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಆ ಆಸ್ಪತ್ರೆಯಲ್ಲಿಯೇ ತೋರಿಸಬಹುದು. ಕೆಲಸಕ್ಕೆ ಹೋಗಲಾಗದಷ್ಟು ತೊಂದರೆಯಾದರೆ ಅರ್ಹರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಸಿಗುತ್ತದೆ.

ಗೇಲಿಯ ವಿಷಯ ಬೇರೆ. ಲೈಂಗಿಕ ಛಾಯೆಯ ಮಾತು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕಿರುಕುಳವೇ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಘಟನೆ ನಡೆದ ಮೂರು ತಿಂಗಳೊಳಗೆ ದಿನಾಂಕ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದು ದೂರು ಕೊಡಿ. ಬರೆದುಕೊಡಲು ನಿಮ್ಮಿಂದಾಗದಿದ್ದರೆ, ದೂರನ್ನು ಬರೆಯಲು ನೆರವಾಗುವುದು ಸಮಿತಿಯದೇ ಕರ್ತವ್ಯ. ದೂರಿನ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಂಡು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.